ಹಾಲ್‌ನಿಂದ ಅಡಿಗೆಮನೆವರೆಗೆ ಒಂದೇ ಹಾಸು: ಕ್ಲಿಕ್ ವಿನೈಲ್ ನೆಲ ಹಾಕುವ ಸಮಗ್ರ ಮಾರ್ಗದರ್ಶಿ

ಕ್ಲಿಕ್ ವಿನೈಲ್ ಹಲಗೆಗಳನ್ನು ನೆಲಕ್ಕೆ ಅಂಟಿಸುವುದಿಲ್ಲ, ಮೊಳೆ ಹೊಡೆಯುವುದೂ ಇಲ್ಲ. ಹಲಗೆಗೆ ಹಲಗೆ ಕಚ್ಚಿಕೊಂಡು ಇಡೀ ಹಾಸು ಒಂದೇ ತುಂಡಾಗಿ ಹಳೆಯ ಟೈಲ್ಸ್ ಮೇಲೆ ಕೂತಿರುತ್ತದೆ. ಸೆಕೆಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಬೆಡ್‌ರೂಮಿನ ಮಟ್ಟಿಗೆ ಈ ಅಲುಗಾಟ ಲೆಕ್ಕಕ್ಕೇ ಬರುವುದಿಲ್ಲ. ಹಾಲ್, ಡೈನಿಂಗ್, ತೆರೆದ ಅಡಿಗೆಮನೆ, ಪ್ಯಾಸೇಜ್ ಎಲ್ಲ ಒಂದಕ್ಕೊಂದು ಸೇರಿಕೊಂಡಿರುವ ಈಗಿನ ಫ್ಲ್ಯಾಟುಗಳಲ್ಲಿ ಅದೇ ಮುಖ್ಯ ವಿಷಯ. ಅಲ್ಲಿ ಹಾಸು ಒಂದು ಕಡೆ ಸಿಕ್ಕಿಹಾಕಿಕೊಂಡರೆ ಸಾಕು, ಇನ್ನೊಂದು ತುದಿಯಲ್ಲಿ ಹಲಗೆ ಎದ್ದು ನಿಲ್ಲುತ್ತದೆ. ಹಾಗಾಗಿ ಮೊದಲ ಬಾಕ್ಸ್ ಬಿಚ್ಚುವ ಮುಂಚೆ ಎರಡು ವಿಷಯ ತೀರ್ಮಾನವಾಗಿರಬೇಕು: ಇಡೀ ಜಾಗಕ್ಕೆ ಆಧಾರ ಗೆರೆ ಯಾವುದು, ಮತ್ತು ಹಾಸನ್ನು ಹಿಡಿದು ಕಟ್ಟಿಹಾಕುವಂಥದ್ದು ಮನೆಯಲ್ಲಿ ಎಲ್ಲೆಲ್ಲಿದೆ.

ಎಲ್ಲಿವರೆಗೆ ಒಂದೇ ಹಾಸು?

ಪ್ರತಿ ಕಂಪನಿಯೂ ಎಡೆಬಿಡದೆ ಎಷ್ಟು ಉದ್ದ ಹಾಸಬಹುದು ಎಂದು ಬಾಕ್ಸಿನೊಳಗಿನ ಹಾಳೆಯಲ್ಲಿ ಬರೆದಿರುತ್ತದೆ. ಕೆಲವರದು 10 ಮೀಟರ್, ಕೆಲವರದು 15, ಕೆಲವರದು ಅದಕ್ಕೂ ಹೆಚ್ಚು. ಇದನ್ನು ಕೊಳ್ಳುವ ಮೊದಲೇ ಓದಬೇಕು, ಏಕೆಂದರೆ ಮಿತಿ ಮೀರಿದರೆ ವಾರಂಟಿ ನಿಲ್ಲುವುದಿಲ್ಲ.

ಹಿಗ್ಗುವಿಕೆಯ ಲೆಕ್ಕ ಕಷ್ಟದ್ದಲ್ಲ. ಉದಾಹರಣೆಗೆ, ಮೀಟರಿಗೆ, ಒಂದು ಡಿಗ್ರಿಗೆ 0.04 ಮಿ.ಮೀ ಎಂದು ಹಿಡಿಯಿರಿ. 7.2 ಮೀಟರ್ ಹಾಲ್, ಅದೇ ನೇರಕ್ಕೆ 4 ಮೀಟರ್ ಪ್ಯಾಸೇಜ್ ಇದ್ದರೆ ಒಟ್ಟು ಓಟ 11.2 ಮೀಟರ್. ಜನವರಿಯ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ನೆಲದ ಬಿಸಿಯಲ್ಲಿ 15 ಡಿಗ್ರಿ ವ್ಯತ್ಯಾಸ ಬಂದರೆ 6.7 ಮಿ.ಮೀ ಹಿಗ್ಗುತ್ತದೆ. ಎರಡೂ ತುದಿಯಲ್ಲಿ ಗೋಡೆಗೂ ಹಲಗೆಗೂ ನಡುವೆ 8 ಮಿ.ಮೀ ಸಂದು ಬಿಟ್ಟಿದ್ದರೆ ತೊಂದರೆಯಿಲ್ಲ. ಒಂದು ತುದಿ ಬಿಗಿದುಕೊಂಡಿದ್ದರೆ ಅಷ್ಟೂ ಇನ್ನೊಂದು ತುದಿಗೇ ಬರುತ್ತದೆ, ಆಗ 8 ಮಿ.ಮೀ ಹೇಗೋ ಸಾಕಾದೀತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ವ್ಯತ್ಯಾಸ 22 ಡಿಗ್ರಿಗೆ ಹೋದರೆ ಹಿಗ್ಗು 9.9 ಮಿ.ಮೀ, ಬಿಗಿದ ಹಾಸು ಖಂಡಿತ ಏಳುತ್ತದೆ. ಅಂಥ ಊರುಗಳಲ್ಲಿ ಸುತ್ತಲೂ 10 ಮಿ.ಮೀ ಬಿಡಿ, ಚಳಿಗಾಲದಲ್ಲಿ ಹಾಸುವುದಾದರೆ ಇನ್ನೂ ಎಚ್ಚರ ಬೇಕು.

ತೆರೆದ ಜಾಗವನ್ನೆಲ್ಲ ಒಂದೇ ಹಾಸಾಗಿ ಬಿಡಿ, ಆದರೆ ಬೆಡ್‌ರೂಮುಗಳನ್ನು ಬಾಗಿಲ ಕೆಳಗೆ ಟಿ-ಪ್ರೊಫೈಲ್ (ಎರಡು ಹಾಸುಗಳ ನಡುವಿನ ಸಂದು ಮುಚ್ಚುವ, T ಆಕಾರದ ಪಟ್ಟಿ) ಹಾಕಿ ಬೇರ್ಪಡಿಸಿ. ಹಾಲ್‌ನ ದೊಡ್ಡ ಹಾಸು ಒಂದು ಕಡೆ, ಎ.ಸಿ ಮತ್ತು ಕಬ್ಬಿಣದ ಬೀರು ಇರುವ ಕೋಣೆಯ ಹಾಸು ಇನ್ನೊಂದು ಕಡೆ, ಎರಡನ್ನೂ ಸೇರಿಸುವುದು 80 ಸೆಂ.ಮೀ ಅಗಲದ ಬಾಗಿಲು. ಎರಡೂ ಬೇರೆ ಬೇರೆ ದಿಕ್ಕಿಗೆ ಎಳೆದಾಗ ಆ ಇಕ್ಕಟ್ಟಿನಲ್ಲಿರುವ ನಾಲ್ಕೈದು ಹಲಗೆಗಳ ಲಾಕ್ (ಹಲಗೆಗೆ ಹಲಗೆ ಕಚ್ಚಿಕೊಳ್ಳುವ ಅಂಚು) ಅಷ್ಟೂ ಭಾರ ಹೊರಬೇಕು. ಮುರಿಯುವುದೂ ಅಲ್ಲಿಯೇ. ಬಾಗಿಲು ಮುಚ್ಚಿದಾಗ ಪ್ರೊಫೈಲ್ ಕಾಣುವುದೂ ಇಲ್ಲ, ಆದ್ದರಿಂದ ಇದಕ್ಕೆ ಹಿಂಜರಿಯಬೇಕಾಗಿಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕಟ್ಟಡದ್ದೇ ಎಕ್ಸ್‌ಪಾನ್ಷನ್ ಜಾಯಿಂಟ್ (ಕಟ್ಟಡ ಹಿಗ್ಗಿ ಕುಗ್ಗಲು ಬಿಟ್ಟ ಸಂದು) ಮನೆಯೊಳಗೆ ಹಾದುಹೋಗಿದ್ದರೆ ಅಲ್ಲಿಯೂ ಹಾಸು ತುಂಡಾಗಲೇಬೇಕು.

ಹಲಗೆ ಮತ್ತು ಲೆಕ್ಕ

ಉದ್ದನೆಯ ಓಟಕ್ಕೆ ಎಸ್‌ಪಿಸಿ ಆರಿಸಿ. ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಒತ್ತಿದ ಗಟ್ಟಿ ಒಡಲು ಅದರದ್ದು. ಬಾಗುವ ಎಲ್‌ವಿಟಿ (ಗಟ್ಟಿ ಒಡಲಿಲ್ಲದ ವಿನೈಲ್) ಹಲಗೆಗಿಂತ ಕಡಿಮೆ ಹಿಗ್ಗುತ್ತದೆ, ಕೆಳಗಿನ ಟೈಲ್ಸ್ ಸಂದುಗಳನ್ನು ಮೇಲೆ ತೋರಿಸುವುದೂ ಕಡಿಮೆ. ಲ್ಯಾಮಿನೇಟಿನಂತೆ ನೀರಿಗೆ ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ದಪ್ಪ 5 ಮಿ.ಮೀ ಆದರೂ ಇರಲಿ. ಮೇಲಿನ ಸವೆತದ ಪದರ ಹಾಲ್, ಅಡಿಗೆಮನೆಗೆ 0.5 ಮಿ.ಮೀ ಇದ್ದರೆ ನಿಶ್ಚಿಂತೆ, 0.3 ಬೆಡ್‌ರೂಮಿಗೆ ಸಾಕು.

ಹಲಗೆಯ ಅಡಿಗೆ ಫೋಮ್ ಅಂಟಿಸಿಯೇ ಬಂದಿದ್ದರೆ ಅದರ ಕೆಳಗೆ ಇನ್ನೊಂದು ಫೋಮ್ ಹಾಕಬೇಡಿ. "ಮೆತ್ತಗಿರುತ್ತೆ ಸಾರ್" ಎಂದು ಅಂಗಡಿಯವರು ಕೊಟ್ಟರೂ ಬೇಡ. ಕಾಲಿಟ್ಟಾಗಲೆಲ್ಲ ಹಲಗೆ ಕುಸಿದು ಏಳುತ್ತಿದ್ದರೆ ಒಂದೂವರೆ ಮಿ.ಮೀ ದಪ್ಪದ ಲಾಕಿನ ತುಟಿ ಎಷ್ಟು ದಿನ ತಡೆದೀತು?

ಮೇಲೆ ಹೇಳಿದ ಮನೆಯನ್ನೇ ತೆಗೆದುಕೊಳ್ಳೋಣ. ಹಾಲ್ ಮತ್ತು ಡೈನಿಂಗ್ 3.5 × 7.2 ಮೀಟರ್, ಅಡಿಗೆಮನೆ 2.4 × 3, ಪ್ಯಾಸೇಜ್ 1.1 × 4. ಒಟ್ಟು 36.8 ಚದರ ಮೀಟರ್, ಅಂದರೆ ಸುಮಾರು 396 ಚದರಡಿ. ಮೂಲೆಗಳು ಹೆಚ್ಚಿರುವುದರಿಂದ ಕತ್ತರಿಸಿ ಪೋಲಾಗುವುದಕ್ಕೆ 10 ಶೇಕಡಾ ಸೇರಿಸಿದರೆ 40.5 ಚದರ ಮೀಟರ್. 1220 × 180 ಮಿ.ಮೀ ಅಳತೆಯ 10 ಹಲಗೆಗಳ ಬಾಕ್ಸಿನಲ್ಲಿ 2.196 ಚದರ ಮೀಟರ್ ಇರುತ್ತದೆ. ಬೇಕಾಗುವುದು 19 ಬಾಕ್ಸ್. 5 ಮಿ.ಮೀ ಹಲಗೆಯ ಬಾಕ್ಸ್ 20 ಕೆ.ಜಿ ದಾಟುತ್ತದೆ, ಲಿಫ್ಟ್ ಇಲ್ಲದ ಮನೆಗೆ ಹೊರುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಎಲ್ಲ ಬಾಕ್ಸಿನ ಬ್ಯಾಚ್ ನಂಬರ್ ಒಂದೇ ಇರಬೇಕು. ಹಾಸುವ ಕೋಣೆಯಲ್ಲೇ, ಗೋಡೆಗೆ ಒರಗಿಸದೆ, ಅಡ್ಡಡ್ಡಲಾಗಿ 48 ಗಂಟೆ ಇಡಿ. ಬಾಲ್ಕನಿಯ ಬಿಸಿಲಿನಲ್ಲಿ ಇಟ್ಟಿದ್ದ ಹಲಗೆ ಹಿಗ್ಗಿದ ಅಳತೆಯಲ್ಲೇ ಕೂತು, ಆಮೇಲೆ ಕುಗ್ಗಿ ಸಂದು ಬಿಡುತ್ತದೆ.

ಕೆಳಗಿನ ನೆಲ

ಹಾಸು ಕೆಡುವುದಕ್ಕೆ ಹಲಗೆಗಿಂತ ಅದರ ಕೆಳಗಿನ ನೆಲವೇ ಹೆಚ್ಚಾಗಿ ಕಾರಣ. 2 ಮೀಟರಿನ ಅಲ್ಯುಮಿನಿಯಂ ನೇರಪಟ್ಟಿ ಹಿಡಿದು ಉದ್ದ, ಅಡ್ಡ, ಓರೆ ಎಲ್ಲ ದಿಕ್ಕಿಗೂ ಇಟ್ಟು ನೋಡಿ. ಪಟ್ಟಿಯ ಕೆಳಗೆ 3 ಮಿ.ಮೀಗಿಂತ ಹೆಚ್ಚು ಸಂದು ಕಂಡಲ್ಲಿ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಇಲ್ಲಿ ರಸಮಟ್ಟ ನೋಡುವ ಅಗತ್ಯವಿಲ್ಲ. ನೆಲ ಒಂದು ಕಡೆಗೆ ಇಳಿಜಾರಾಗಿದ್ದರೂ ಪರವಾಗಿಲ್ಲ, ಉಬ್ಬುತಗ್ಗು ಇರಬಾರದು ಅಷ್ಟೆ. ಹಾಲ್ ಮತ್ತು ಅಡಿಗೆಮನೆಗೆ ಬೇರೆ ಬೇರೆ ಟೈಲ್ಸ್ ಹಾಕಿರುವ ಮನೆಗಳಲ್ಲಿ ಅವು ಕೂಡುವ ಗೆರೆಯಲ್ಲಿ 2–4 ಮಿ.ಮೀ ಮೆಟ್ಟು ಇರುವುದು ಸಾಮಾನ್ಯ. ಆ ಮೆಟ್ಟಿನ ಮೇಲೆ ಹಲಗೆ ತೂಗುತ್ತದೆ. ಎತ್ತರದ ಅಂಚನ್ನು ಗ್ರೈಂಡರ್‌ನಿಂದ ಉಜ್ಜಿ, ತಗ್ಗಿನ ಕಡೆಗೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡನ್ನು (ಸುರಿದರೆ ತಾನೇ ಹರಡಿ ಸಮವಾಗುವ ಗಾರೆ) ಒಂದು ಮೀಟರ್ ಅಗಲಕ್ಕೆ ಎಳೆದು ಸಮ ಮಾಡಿ.

ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದಿಲ್ಲ, ಹಾಗಾಗಿ ನುಣುಪು ನೆಲಕ್ಕೆಂದೇ ಇರುವ ಪ್ರೈಮರ್ ಬಳಿಯದೆ ಕಾಂಪೌಂಡ್ ಹಾಕಿದರೆ ಸಿಪ್ಪೆಯಂತೆ ಏಳುತ್ತದೆ. ಖರ್ಚು ಉಳಿಸಲು ಪಿಒಪಿ ಅಥವಾ ಗೋಡೆಯ ಪುಟ್ಟಿ ತುಂಬಬೇಡಿ. ಹಲಗೆಯ ಅಲುಗಾಟಕ್ಕೆ ಅದು ಪುಡಿಯಾಗಿ, ನಡೆದಾಗ ಕರಕರ ಸದ್ದು ಬರುತ್ತದೆ. ಪ್ರತಿ ಟೈಲನ್ನೂ ಸುತ್ತಿಗೆಯ ಹಿಡಿಕೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದು, ಮೆಟ್ಟಿದಾಗ ಅಲುಗುವ ಟೈಲನ್ನು ಕಿತ್ತು ಗಾರೆ ತುಂಬಬೇಕು. 5 ಮಿ.ಮೀಗಿಂತ ಕಿರಿದಾದ, ಆಳವಿಲ್ಲದ ಗ್ರೌಟ್ ಸಂದುಗಳನ್ನು ಎಸ್‌ಪಿಸಿ ದಾಟಿಕೊಳ್ಳುತ್ತದೆ, ದೊಡ್ಡವನ್ನು ತುಂಬಿ.

ನೆಲಮಹಡಿಯಾದರೆ, ಅದರಲ್ಲೂ ಕರಾವಳಿ, ಮಲೆನಾಡುಗಳಲ್ಲಿ, ತೇವ ಪರೀಕ್ಷಿಸಬೇಕು. 45 ಸೆಂ.ಮೀ ಚೌಕದ ದಪ್ಪ ಪಾಲಿಥೀನ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಅಥವಾ ನೆಲ ಕಪ್ಪಾದರೆ ಒರತೆ ಇದೆ ಎಂದರ್ಥ. 200 ಮೈಕ್ರಾನ್ ಪಾಲಿಥೀನ್ ಹಾಸಿ, ಜೋಡಣೆಯಲ್ಲಿ 20 ಸೆಂ.ಮೀ ಮೇಲೆ ಮೇಲೆ ಬರುವಂತೆ ಟೇಪ್ ಹಾಕಿ, ಅದರ ಮೇಲೆ ಹಲಗೆ ಹಾಕಬಹುದು. ಮಳೆಗಾಲದಲ್ಲಿ ನೀರೇ ಜಿನುಗುವ ನೆಲಕ್ಕೆ ಮಾತ್ರ ಇದು ಪರಿಹಾರವಲ್ಲ. ಇನ್ನೊಂದು ಮಾತು: ಹಳೆ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲ ಬಿರುಕಿಲ್ಲದೆ ಹೊಳೆಯುತ್ತಿದ್ದರೆ ದಯವಿಟ್ಟು ಮುಚ್ಚಬೇಡಿ. ಅಂಥ ನೆಲ ಮಾಡಬಲ್ಲ ಕೈಗಳು ಈಗ ಸುಲಭವಾಗಿ ಸಿಗುವುದಿಲ್ಲ.

ಒಂದೇ ಗೆರೆ

ಒಂದೊಂದು ಕೋಣೆಗೆ ಅದರದರ ಗೋಡೆ ಹಿಡಿದು ಶುರುಮಾಡುವುದು ತೆರೆದ ಜಾಗದಲ್ಲಿ ಆಗುವ ದೊಡ್ಡ ತಪ್ಪು. ಯಾವ ಎರಡು ಗೋಡೆಯೂ ನಿಜವಾಗಿ ಸಮಾನಾಂತರವಾಗಿರುವುದಿಲ್ಲ. ಹಾಲ್‌ನಲ್ಲಿ ಕಾಣದ 5 ಮಿ.ಮೀ ಓರೆ, ಪ್ಯಾಸೇಜಿನ ತುದಿ ಮುಟ್ಟುವ ಹೊತ್ತಿಗೆ ಕಣ್ಣಿಗೆ ಹೊಡೆಯುತ್ತದೆ. ಓರೆ ಹೆಚ್ಚು ಎದ್ದು ಕಾಣುವುದು ಕಿರಿದಾದ ಜಾಗದಲ್ಲಿ, ಆದ್ದರಿಂದ ಗೆರೆಯನ್ನು ಪ್ಯಾಸೇಜಿನಿಂದಲೇ ತೆಗೆಯಬೇಕು.

ಪ್ಯಾಸೇಜಿನ ಎರಡೂ ತುದಿಯಲ್ಲಿ ಅಗಲದ ನಡುಮಧ್ಯ ಗುರುತಿಸಿ, ಆ ಎರಡು ಬಿಂದುಗಳ ಮೇಲೆ ಲೇಸರ್ ಇಟ್ಟು ಅಥವಾ ಬಣ್ಣದ ದಾರ ಹೊಡೆದು ಗೆರೆಯನ್ನು ಹಾಲ್‌ನ ಕೊನೆಯ ಗೋಡೆವರೆಗೂ ಎಳೆಯಿರಿ. ಹಲಗೆಗಳು ಈ ಗೆರೆಯ ಉದ್ದಕ್ಕೇ ಓಡಲಿ. ಅಡ್ಡ ಗೋಡೆಗಳ ಓರೆ ತಿಳಿಯಲು 3-4-5 ಲೆಕ್ಕ ಸಾಕು: ಗೆರೆಯ ಮೇಲೆ 4 ಮೀಟರ್, ಅಡ್ಡಕ್ಕೆ 3 ಮೀಟರ್ ಗುರುತಿಸಿದರೆ ಓರೆ ಅಳತೆ ಸರಿಯಾಗಿ 5 ಮೀಟರ್ ಬರಬೇಕು.

ಈಗ ಸಾಲುಗಳ ಲೆಕ್ಕ. ಹಾಲ್ ಅಗಲ 3500 ಮಿ.ಮೀ, ಎರಡೂ ಕಡೆ 8 ಬಿಟ್ಟರೆ 3484. ಪೂರ್ತಿ ಹಲಗೆಯಿಂದ ಶುರುಮಾಡಿದರೆ 19 ಸಾಲು ಹೋಗಿ ಕೊನೆಗೆ 64 ಮಿ.ಮೀ ಉಳಿಯುತ್ತದೆ. ಮೊದಲ ಮತ್ತು ಕೊನೆಯ ಸಾಲಿಗೆ 122 ರಂತೆ ಹಂಚಿದರೆ ಹಾಲ್‌ಗೆ ಚೆನ್ನ. ಆದರೆ ಪ್ಯಾಸೇಜ್ ನೋಡಿ: ಅದರ ಎಡಗೋಡೆ ಹಾಲ್‌ನ ಎಡಗೋಡೆಯಿಂದ 900 ಮಿ.ಮೀ ದೂರ, ಬಲಗೋಡೆ 2000 ದೂರ ಎಂದಿಟ್ಟುಕೊಳ್ಳಿ. ಈ ಲೆಕ್ಕದಲ್ಲಿ ಪ್ಯಾಸೇಜಿನ ಎಡಕ್ಕೆ 122, ಬಲಕ್ಕೆ 62 ಮಿ.ಮೀ ಪಟ್ಟಿ ಬರುತ್ತದೆ, ಸೊಟ್ಟಗೆ ಕಾಣುತ್ತದೆ. ಎಲ್ಲ ಗೆರೆಗಳನ್ನೂ 30 ಮಿ.ಮೀ ಎಡಕ್ಕೆ ಸರಿಸಿ. ಪ್ಯಾಸೇಜಿನ ಎರಡೂ ಕಡೆ 92 ಮಿ.ಮೀ, ಹಾಲ್‌ನಲ್ಲಿ ಎಡಕ್ಕೆ 92, ಬಲಕ್ಕೆ 152. ಹಾಲ್‌ನ ಆ ವ್ಯತ್ಯಾಸ ಸೋಫಾ ಹಿಂದೆ ಹೋಗುತ್ತದೆ; ಪ್ಯಾಸೇಜ್ ಮಾತ್ರ ಅಚ್ಚುಕಟ್ಟಾಗಿ ಕೂರುತ್ತದೆ. ಯಾವ ಗೋಡೆಯ ಪಕ್ಕದಲ್ಲೂ 60 ಮಿ.ಮೀಗಿಂತ ಸಣ್ಣ ಪಟ್ಟಿ ಬರದಂತೆ ನೋಡಿಕೊಳ್ಳಿ, ಸಣ್ಣ ಪಟ್ಟಿಯ ಲಾಕ್ ಸರಿಯಾಗಿ ಕೂರುವುದಿಲ್ಲ.

ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ, ನೆಲದ ಮೇಲೂ ಪ್ರತಿ ಐದನೇ ಸಾಲಿನ ಗೆರೆ ಬರೆದುಕೊಳ್ಳಿ.

ಬಾಗಿಲು, ಚೌಕಟ್ಟು, ಹೊಸಿಲು

ನೆಲ 5–6.5 ಮಿ.ಮೀ ಏರುತ್ತದೆ. ಪ್ರತಿ ಬಾಗಿಲ ಕೆಳಗೆ ಹಲಗೆಯ ತುಂಡೊಂದನ್ನು ಇಟ್ಟು ಬಾಗಿಲು ತೆಗೆದು ಹಾಕಿ ನೋಡಿ. ಉಜ್ಜಿದರೆ ಹಾಸುವ ಮೊದಲೇ ಬಡಗಿಯನ್ನು ಕರೆಸಿ ಕೆತ್ತಿಸಿ. ಮರದ ಚೌಕಟ್ಟಿದ್ದರೆ ಅದರ ಸುತ್ತ ಹಲಗೆ ಕೊರೆಯಲು ಹೋಗಬೇಡಿ. ಹಲಗೆಯ ತುಂಡನ್ನು ಚೌಕಟ್ಟಿಗೆ ತಾಗಿಸಿ ಇಟ್ಟು, ಅದರ ಮೇಲೆ ಗರಗಸವನ್ನು ಮಲಗಿಸಿ ಚೌಕಟ್ಟಿನ ಬುಡವನ್ನೇ ಕತ್ತರಿಸಿ. ಹಲಗೆ ಅದರಡಿ ನುಸುಳುತ್ತದೆ, ಬಿಟ್ಟ ಸಂದು ಒಳಗೇ ಅಡಗುತ್ತದೆ. ಗ್ರಾನೈಟ್ ಅಥವಾ ಉಕ್ಕಿನ ಚೌಕಟ್ಟಾದರೆ ಬೇರೆ ದಾರಿಯಿಲ್ಲ. ರಟ್ಟಿನಲ್ಲಿ ಆಕಾರ ತೆಗೆದು, 6–8 ಮಿ.ಮೀ ಬಿಟ್ಟು ಕೊರೆದು, ಹಲಗೆಯ ಬಣ್ಣದ ಸಿಲಿಕೋನ್ ತುಂಬಿ.

ಮುಂಬಾಗಿಲಿನ ಹೊಸಿಲು, ದೇವರ ಮನೆಯ ಹೊಸಿಲು, ಬಚ್ಚಲಮನೆಯ ಗ್ರಾನೈಟ್ ಪಟ್ಟಿ ಇವುಗಳ ಮೇಲೆ ಹಲಗೆ ಹತ್ತಿಸಬಾರದು. 8 ಮಿ.ಮೀ ಮೊದಲೇ ನಿಲ್ಲಿಸಿ, ಅಂಚಿನ ಪ್ರೊಫೈಲ್ ಹಾಕಿ. ಬಚ್ಚಲಿನ ಕಡೆಗೆ ಪ್ರೊಫೈಲಿನ ಕೆಳಗೂ ಸಿಲಿಕೋನ್ ಎಳೆಯಿರಿ. ಎಸ್‌ಪಿಸಿ ನೀರಿಗೆ ಕೆಡದಿದ್ದರೂ ಕೆಳಗೆ ಸೇರಿದ ನೀರು ಆರದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಹಾಸನ್ನು ಕಟ್ಟಿಹಾಕುವ ವಸ್ತುಗಳ ಪಟ್ಟಿ ಮಾಡುವುದು ಈಗಲೇ. ನೆಲಕ್ಕೆ ಸ್ಕ್ರೂ ಹೊಡೆದ ಡೋರ್ ಸ್ಟಾಪರ್‌ಗಳು, ಜೋಡಿ ಬಾಗಿಲಿನಲ್ಲಿ ನೆಲದ ತೂತಿಗೆ ಇಳಿಯುವ ಟವರ್ ಬೋಲ್ಟ್, ಪಾರ್ಟಿಷನ್ನಿನ ಕಾಲುಗಳು, ನೆಲದಿಂದ ಎದ್ದ ನೀರಿನ ಪೈಪು. ಸ್ಟಾಪರನ್ನು ಗೋಡೆಗೆ ವರ್ಗಾಯಿಸಿ. ಬೋಲ್ಟಿಗೆ ಹಲಗೆಯಲ್ಲಿ ಕೊರೆಯುವ ತೂತು ಬೋಲ್ಟಿಗಿಂತ 16 ಮಿ.ಮೀ ಅಗಲವಿರಲಿ. ಪೈಪಿಗೂ ಅದೇ ಲೆಕ್ಕ. ಹೊಸ ನೆಲ ಹಾಕಿದ ಒಂದು ವಾರಕ್ಕೆ ಯಾರೋ ಬಂದು ಹಳೆ ಸ್ಟಾಪರನ್ನು ಹಲಗೆಯ ಮೇಲೇ ಸ್ಕ್ರೂ ಮಾಡಿ ಹೋಗುವುದುಂಟು. ಎಲ್ಲರಿಗೂ ಮೊದಲೇ ಹೇಳಿಡಿ.

ಹಾಸುವ ಕೆಲಸ

ಬೇಕಾದ ಸಾಮಾನು: ಗಟ್ಟಿ ಬ್ಲೇಡಿನ ಕಟರ್ ಮತ್ತು ಧಾರಾಳವಾಗಿ ಬ್ಲೇಡುಗಳು (ಕಲ್ಲಿನ ಪುಡಿಗೆ ಬೇಗ ಮೊಂಡಾಗುತ್ತವೆ), ಮೂಲೆಮಟ್ಟ, ಬಿಳಿ ರಬ್ಬರ್ ಸುತ್ತಿಗೆ, ಟ್ಯಾಪಿಂಗ್ ಬ್ಲಾಕ್ (ಹಲಗೆಯ ಅಂಚಿಗೆ ಇಟ್ಟು ತಟ್ಟುವ ತುಂಡು), ಪುಲ್ ಬಾರ್ (ಗೋಡೆ ಪಕ್ಕದ ಹಲಗೆಯನ್ನು ಎಳೆದು ಕೂರಿಸುವ ಕೊಕ್ಕೆಪಟ್ಟಿ), ಗೋಡೆಯ ಸಂದು ಕಾಯುವ 8 ಮಿ.ಮೀ ಸ್ಪೇಸರ್‌ಗಳು, ಜಿಗ್ ಸಾ. ಕಪ್ಪು ರಬ್ಬರ್ ಸುತ್ತಿಗೆ ಹಲಗೆಯ ಮೇಲೆ ಮಸಿ ಬಿಡುತ್ತದೆ.

ಮೊದಲ ಸಾಲಿನ ಹಲಗೆಗಳನ್ನು 92 ಮಿ.ಮೀಗೆ ಸೀಳಿ, ನಾಲಗೆಯ (ಹೊರಚಾಚಿದ ಅಂಚಿನ) ಕಡೆಯನ್ನೇ ಕತ್ತರಿಸಿ ತೆಗೆಯಿರಿ; ಅದನ್ನು ಹಿಡಿದುಕೊಳ್ಳುವ ಗಾಡಿ, ಅಂದರೆ ಗ್ರೂವ್, ಕೋಣೆಯ ಕಡೆಗಿರಲಿ. ಮೊದಲ ಸಾಲನ್ನು ಒಂಟಿಯಾಗಿ ಪೂರ್ತಿ ಹಾಕಬೇಡಿ, ಅದು ಬಿಲ್ಲಿನಂತೆ ಬಾಗುತ್ತದೆ. ಮೊದಲ ಮತ್ತು ಎರಡನೇ ಸಾಲನ್ನು ಒಟ್ಟೊಟ್ಟಿಗೆ, ಇದಕ್ಕೊಂದು ಅದಕ್ಕೊಂದು ಎಂದು ಕಚ್ಚಿಸುತ್ತ ಹೋಗಿ. ಎರಡು ಸಾಲು ಮುಗಿದ ಮೇಲೆ ಲೇಸರ್ ಗೆರೆಗೆ ತಾಳೆ ನೋಡಿ, ಗೋಡೆ ಸೊಟ್ಟಗಿದ್ದಲ್ಲಿ ಸ್ಪೇಸರ್‌ನ ದಪ್ಪ ಬದಲಿಸಿ. ಇಲ್ಲಿ ಗೋಡೆಗಲ್ಲ, ಗೆರೆಗೆ ಮರ್ಯಾದೆ.

ಉದ್ದದ ಬದಿಯನ್ನು 20–30 ಡಿಗ್ರಿ ಓರೆಯಲ್ಲಿ ತೂರಿಸಿ, ತುದಿಯನ್ನು ಪಕ್ಕದ ಹಲಗೆಗೆ ಸರಿಯಾಗಿ ಹೊಂದಿಸಿ, ಕೆಳಗಿಳಿಸಿ, ತುದಿಯ ಜೋಡಣೆಯ ಮೇಲೆ ಸುತ್ತಿಗೆಯಿಂದ ತಟ್ಟಿ. ಆಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಅಂಚು ತಾಗಿದರೆ ಅಲ್ಲೇ ಬಿಚ್ಚಿ ಮತ್ತೆ ಕೂರಿಸಿ. ಇನ್ನೂ ಜೋರಾಗಿ ಹೊಡೆದರೆ ಲಾಕ್ ಮುರಿಯುತ್ತದೆ, ಮುರಿದದ್ದು ಆ ದಿನ ಕಾಣದೆ ಮೂರು ತಿಂಗಳಿಗೆ ಸಂದಾಗಿ ಕಾಣುತ್ತದೆ. ಲಾಕ್ ಚೂರಾದ ಹಲಗೆಯನ್ನು ಗೋಡೆ ಪಕ್ಕದ ತುಂಡಿಗೆ ಬಳಸಿ.

ಅಕ್ಕಪಕ್ಕದ ಸಾಲುಗಳ ತುದಿ ಜೋಡಣೆಗಳ ನಡುವೆ 30 ಸೆಂ.ಮೀ ಅಂತರವಿರಲಿ. ಮೂರು ನಾಲ್ಕು ಬಾಕ್ಸುಗಳಿಂದ ಬೆರೆಸಿ ತೆಗೆದುಕೊಳ್ಳಿ. ಒಂದೇ ನಮೂನೆಯ ಗಂಟು ಅಕ್ಕಪಕ್ಕ ಬಂದರೆ ಮರದ ಭಾವನೆಯೇ ಹೋಗುತ್ತದೆ. ಪ್ಯಾಸೇಜಿನ ಬಾಯಿಯಲ್ಲಿ ತುದಿ ಜೋಡಣೆಗಳು ಗುಂಪಾಗಿ ಬರದಂತೆ ಸಾಲು ಶುರುವಾಗುವ ತುಂಡಿನ ಉದ್ದವನ್ನು ಹೊಂದಿಸಿ.

ಅಡ್ಡಗೋಡೆಯ ತುದಿ ದಾಟುವಾಗ

ಹಾಲ್ ಮತ್ತು ಅಡಿಗೆಮನೆಯ ನಡುವೆ, ಹಲಗೆಗೆ ಅಡ್ಡಲಾಗಿ, ಅರ್ಧಕ್ಕೆ ನಿಂತ ಗೋಡೆಯೊಂದು ಇದ್ದರೆ ಕೈಕೊಡುವುದು ಇಲ್ಲಿಯೇ. ಗೋಡೆಯ ಎರಡೂ ಪಕ್ಕ ಬೇರೆ ಬೇರೆಯಾಗಿ ಬೆಳೆದ ಹಾಸು, ಗೋಡೆ ಮುಗಿದ ಮೇಲಿನ ಮೊದಲ ಸಾಲಿನಲ್ಲಿ ಒಂದಾಗಬೇಕು. ಎರಡರ ಅಂಚು ಒಂದೇ ನೇರದಲ್ಲಿಲ್ಲದೆ 1 ಮಿ.ಮೀ ಹಿಂದುಮುಂದಾದರೂ ಆ ಸಾಲು ಎರಡಕ್ಕೂ ಕಚ್ಚುವುದಿಲ್ಲ.

ಎರಡು ದಾರಿಗಳಿವೆ. ಒಂದು, ಎರಡೂ ಪಕ್ಕವನ್ನು ಒಟ್ಟಿಗೆ, ಸಾಲಿಗೆ ಸಾಲು ಬೆಳೆಸುವುದು. ಎರಡೂ ಕಡೆಯ ಮೊದಲ ಸಾಲಿನ ಅಳತೆಯನ್ನು ಅದೇ ಆಧಾರ ಗೆರೆಯಿಂದ ತೆಗೆದು, ಪ್ರತಿ ಮೂರು ಸಾಲಿಗೊಮ್ಮೆ ನೆಲದ ಮೇಲೆ ಬರೆದ ಗೆರೆಗೆ ತಾಳೆ ನೋಡಬೇಕು. ಹಾಸು ಇನ್ನೂ ಹಗುರಾಗಿರುವುದರಿಂದ ಪುಲ್ ಬಾರಿನಿಂದ ಒಂದೆರಡು ಮಿ.ಮೀ ಸರಿಸಿ ಸರಿಮಾಡಬಹುದು. ಹತ್ತು ಸಾಲಾದ ಮೇಲೆ ಕಷ್ಟ. ಇನ್ನೊಂದು, ಗೋಡೆಯ ತುದಿಯನ್ನು ಸವರಿಕೊಂಡು ಹೋಗುವ ಅತಿ ಉದ್ದದ ಸಾಲನ್ನೇ ಮೊದಲು ಹಾಕಿ, ಅಲ್ಲಿಂದ ಮುಂದಕ್ಕೆ ಮಾಮೂಲಾಗಿ, ಆಮೇಲೆ ಹಿಂದಕ್ಕೆ ಎರಡೂ ಕಡೆಗೆ ಹೋಗುವುದು. ಹಿಂದಕ್ಕೆ ಹೋಗುವಾಗ ಹಾಸಿದ ಸಾಲಿನ ನಾಲಗೆಯ ಅಂಚನ್ನು ತುಸು ಎತ್ತಿ, ಅದರಡಿಗೆ ಹೊಸ ಹಲಗೆಯ ಗ್ರೂವ್ ತೂರಿಸಬೇಕು. ಕೆಲಸ ನಿಧಾನ, ಆದರೆ ತಪ್ಪು ಒಂದೆಡೆ ಕೂಡಿಕೊಳ್ಳುವ ಭಯವಿಲ್ಲ. ಹೀಗೆ ಹಿಂದುಮುಂದಾಗಿ ಹಾಸಲು ನಿಮ್ಮ ಹಲಗೆಯ ಲಾಕ್ ಒಪ್ಪುತ್ತದೆಯೇ ಎಂದು ಎರಡು ಹಲಗೆ ಹಿಡಿದು ಮೊದಲೇ ಪ್ರಯತ್ನಿಸಿ.

ಚೌಕಟ್ಟಿನಡಿ ಹಲಗೆಯನ್ನು ಓರೆ ಹಿಡಿಯಲು ಜಾಗ ಸಿಗದಿದ್ದಾಗ ಗ್ರೂವ್‌ನ ಎದ್ದಿರುವ ತುಟಿಯನ್ನು ಕಟರ್‌ನಿಂದ ಕೆತ್ತಿ, ತೆಳ್ಳಗೆ ಪಿವಿಸಿ ಅಂಟು ಸವರಿ, ಹಲಗೆಯನ್ನು ಮಲಗಿಸಿಯೇ ಪುಲ್ ಬಾರಿನಿಂದ ಎಳೆಯಿರಿ. ಅಂಟು ಹಲಗೆಗೆ ಹಲಗೆ ಹಿಡಿಯಬೇಕು. ಕೆಳಗಿನ ಟೈಲಿಗೆ ಒಂದು ಹನಿಯೂ ಸೋಕಬಾರದು.

ಅಡಿಗೆಮನೆ

ಮಾಡ್ಯುಲರ್ ಕ್ಯಾಬಿನೆಟ್ಟುಗಳನ್ನು ಈ ಹಾಸಿನ ಮೇಲೆ ಕೂರಿಸಬಾರದು. ಗ್ರಾನೈಟ್ ಮೇಲುಹಾಸಿನ ಭಾರ ಹೊತ್ತ ಕ್ಯಾಬಿನೆಟ್ ಆ ತುದಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಹಿಗ್ಗೆಲ್ಲ ಬಾಲ್ಕನಿಯ ಕಡೆಗೆ ನುಗ್ಗುತ್ತದೆ. ಕೆಳಗಿನ ಪ್ಲಿಂತ್ ಪಟ್ಟಿ ಕಿತ್ತು, ಕಾಲುಗಳ ಮುಂದೆ 8 ಮಿ.ಮೀ ಬಿಟ್ಟು ಹಲಗೆ ನಿಲ್ಲಿಸಿ, ಪಟ್ಟಿಯನ್ನು ಹಲಗೆಯ ದಪ್ಪದಷ್ಟು ಕತ್ತರಿಸಿ ಮತ್ತೆ ಹಾಕಿ. ನಡುವಿನ ಐಲ್ಯಾಂಡ್ ಕೌಂಟರ್ ಸುತ್ತಲೂ ಇದೇ ಕ್ರಮ. ಡಿಶ್‌ವಾಷರ್ ಇದ್ದರೆ ಮೊದಲು ಹೊರಗೆಳೆದು ಅದರಡಿಯೂ ಹಾಸಿ. ಇಲ್ಲದಿದ್ದರೆ ಮುಂದಿನ ನೆಲ ಏರಿ, ರಿಪೇರಿಗೆ ಅದನ್ನು ಎಳೆಯಲು ಬರುವುದಿಲ್ಲ. ಗ್ಯಾಸ್ ಸಿಲಿಂಡರ್‌ಗೆ ಟ್ರಾಲಿ ಬೇಕೇ ಬೇಕು, ಅದರ ಬುಡದ ಬಳೆ ಎಳೆದಲ್ಲೆಲ್ಲ ಗೀರು ಬಿಡುತ್ತದೆ. ರಬ್ಬರ್ ತಳದ ಮ್ಯಾಟ್ ಹಾಕಬೇಡಿ. ರಬ್ಬರಿನ ರಾಸಾಯನಿಕ ವಿನೈಲಿಗೆ ಇಳಿದು ಹಳದಿ ಕಲೆ ಕೂರುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಹೊಳೆಯುವ ಬಿಸಿಲು ಬೀಳುವ ಗಾಜಿನ ಬಾಗಿಲಿದ್ದರೆ ಪರದೆ ಹಾಕಿ.

ಸ್ಕರ್ಟಿಂಗ್

ನಮ್ಮ ಮನೆಗಳಲ್ಲಿ ಟೈಲ್ಸ್ ಸ್ಕರ್ಟಿಂಗ್ ಗೋಡೆಗೆ ಗಾರೆಯಲ್ಲಿ ಕೂತಿರುತ್ತದೆ, ಕಿತ್ತರೆ ಗೋಡೆಯೂ ಕಿತ್ತುಬರುತ್ತದೆ. ಅದರ ಮುಂದೆ 12 ಮಿ.ಮೀ ದಪ್ಪದ ಪಿವಿಸಿ ಸ್ಕರ್ಟಿಂಗನ್ನು ಅಂಟಿಸುವುದು ಸುಲಭ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ನೆಲ ಒರೆಸುವ ನೀರಿಗೆ ಆರು ತಿಂಗಳಲ್ಲೇ ಉಬ್ಬಬಹುದು. ಸ್ಕರ್ಟಿಂಗ್ ಅಂಟುವುದು ಗೋಡೆಗೆ, ನೆಲಕ್ಕಲ್ಲ. ಕೆಳಗೆ ಒಂದು ರಟ್ಟಿನ ದಪ್ಪ ಸಂದು ಬಿಟ್ಟು ಅಂಟಿಸಿ, ಒಣಗಿದ ಮೇಲೆ ರಟ್ಟು ಎಳೆಯಿರಿ. ಟಿ-ಪ್ರೊಫೈಲಿನ ತಳವನ್ನೂ ಹಾಗೆಯೇ ಕೆಳಗಿನ ಟೈಲಿಗೆ ಮಾತ್ರ ಸ್ಕ್ರೂ ಮಾಡಬೇಕು. ಇದೆಲ್ಲಕ್ಕಿಂತ ಮುಂಚೆ ಎಲ್ಲ ಸ್ಪೇಸರ್‌ಗಳನ್ನೂ ತೆಗೆದಿದ್ದೀರಾ, ಸಂದಿಗೆ ಸಿಮೆಂಟ್, ಪೇಂಟಿನ ಉಂಡೆ ಬಿದ್ದಿಲ್ಲವಾ ಎಂದು ಟಾರ್ಚ್ ಹಿಡಿದು ಒಂದು ಸುತ್ತು ನೋಡಿ.

ಎದ್ದರೆ, ಸಂದು ಬಿಟ್ಟರೆ

ಹಲಗೆ ಜೋಡಣೆಯಲ್ಲಿ ಗುಡಾರದಂತೆ ಎದ್ದರೆ ಎದ್ದ ಜಾಗವನ್ನು ಒತ್ತುವುದರಿಂದ ಪ್ರಯೋಜನವಿಲ್ಲ. ಆ ಸಾಲಿನ ಎರಡೂ ತುದಿಗೆ ಹೋಗಿ ಸ್ಕರ್ಟಿಂಗ್ ಬಿಚ್ಚಿ. ಎಲ್ಲೋ ಒಂದು ಕಡೆ ಹಲಗೆ ಗೋಡೆಗೆ, ಚೌಕಟ್ಟಿಗೆ, ಸ್ಕ್ರೂಗೆ ತಾಗಿರುತ್ತದೆ. ಮಲ್ಟಿಟೂಲ್‌ನಿಂದ (ಅಲುಗುವ ಬ್ಲೇಡಿನ ಕೈಯಂತ್ರ) ಅಲ್ಲಿ 8 ಮಿ.ಮೀ ಕತ್ತರಿಸಿದರೆ, ಲಾಕ್ ಮುರಿಯದಿದ್ದಲ್ಲಿ, ಹಾಸು ತಾನೇ ಇಳಿಯುತ್ತದೆ. ತುದಿಯ ಜೋಡಣೆ ಸಂದು ಬಿಟ್ಟರೆ ಗಾಜು ಎತ್ತುವ ಸಕ್ಷನ್ ಕಪ್ ಅಂಟಿಸಿ, ಅದರ ಬದಿಗೆ ಸುತ್ತಿಗೆಯಿಂದ ತಟ್ಟಿ ಹಿಂದಕ್ಕೆ ತರಬಹುದು. ಮತ್ತೆ ಮತ್ತೆ ಬಿಡುತ್ತಿದ್ದರೆ ಲಾಕ್ ಹೋಗಿದೆ, ಅಥವಾ ಅದರ ಕೆಳಗೆ ತಗ್ಗಿದೆ. ನಡೆದಾಗ ಟಕ್ ಎನ್ನುವುದೂ ತಗ್ಗಿನ ಲಕ್ಷಣವೇ.

ನಡುವಿನ ಹಲಗೆ ಸುಟ್ಟಿದ್ದರೆ ಅಥವಾ ಒಡೆದಿದ್ದರೆ ಇಡೀ ಹಾಸು ಬಿಚ್ಚಬೇಕಿಲ್ಲ. ಹಲಗೆಯ ನಡುವೆ ಉದ್ದಕ್ಕೆ ಸೀಳಿ ಎರಡು ಭಾಗವಾಗಿ ಹೊರತೆಗೆಯಿರಿ. ಹೊಸ ಹಲಗೆಯ ಗ್ರೂವ್‌ಗಳ ಕೆಳತುಟಿ ಕತ್ತರಿಸಿ, ಉಳಿದ ನಾಲಗೆಯನ್ನು ಓರೆಯಲ್ಲಿ ತೂರಿಸಿ, ಕತ್ತರಿಸಿದ ಬದಿಗಳಿಗೆ ಅಂಟು ಸವರಿ, ಮೇಲೆ ಭಾರ ಹೇರಿ ಒಂದು ದಿನ ಬಿಡಿ. ಇದಕ್ಕಾಗಿಯೇ ಅದೇ ಬ್ಯಾಚಿನ ಒಂದು ಬಾಕ್ಸನ್ನು ಮಂಚದ ಕೆಳಗೆ ಅಡ್ಡವಾಗಿ ಮಲಗಿಸಿ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ಅಂಗಡಿಗೆ ಹೋದರೆ ಅದೇ ಬಣ್ಣ, ಅದೇ ಲಾಕ್ ಸಿಗುವ ಭರವಸೆಯಿಲ್ಲ.